ದತ್ತಾಂಶದಿಂದ ಚಿತ್ರಕ್ಕೆ: ಸ್ವರಾಲೇಖಗಳನ್ನು ಕ್ರಮವಿಧಿಯೊಳಗಿಂದಲೇ ರಚಿಸಿ ಉಳಿಸುವ ಬಗೆ

ಸಾರಾಂಶ

ಪ್ರಾಯೋಗಿಕ ಧ್ವನಿವಿಜ್ಞಾನದ ಬರಹಗಳಲ್ಲಿ ಆಲೇಖವು ಅಲಂಕಾರವಲ್ಲ, ಸಾಕ್ಷ್ಯ. ಆ ಸಾಕ್ಷ್ಯ ನಂಬಲರ್ಹವಾಗಬೇಕಾದರೆ ಅದು ದತ್ತಾಂಶದಿಂದ ನೇರವಾಗಿ ಹುಟ್ಟಬೇಕು, ಬೇಕೆಂದಾಗ ಮತ್ತೆ ಹುಟ್ಟುವಂತಿರಬೇಕು. ಕನ್ನಡದ ಹತ್ತು ಸ್ವರಗಳ ಫಾರ್ಮಂಟ್ ಆಲೇಖವನ್ನು ಉದಾಹರಣೆಯಾಗಿಟ್ಟುಕೊಂಡು, ಆಲೇಖವನ್ನು ರಚಿಸುವ ಮತ್ತು ಕಡತವಾಗಿ ಉಳಿಸುವ ಎರಡೂ ಕೆಲಸಗಳನ್ನು ಒಂದೇ ಕ್ರಮವಿಧಿಗೆ ಒಪ್ಪಿಸುವುದರ ಅಗತ್ಯವನ್ನು ಈ ಲೇಖನ ವಿವರಿಸುತ್ತದೆ. ದೀರ್ಘವೃತ್ತದ ಮಟ್ಟ, ಅಕ್ಷದ ಮಿತಿ, ಕಡತದ ಬಗೆ, ಕನ್ನಡ ಲಿಪಿಯ ಜೋಡಣೆ ಇವುಗಳ ಕುರಿತ ನಿರ್ಣಯಗಳು ಭಾಷಾವೈಜ್ಞಾನಿಕ ತೀರ್ಮಾನಗಳನ್ನೇ ಬದಲಿಸಬಲ್ಲವು ಎಂಬುದನ್ನು ತೋರಿಸುವುದು ನಮ್ಮ ಉದ್ದೇಶ.

ಪ್ರಮುಖ ಪದಗಳು: ಸ್ವರಾಲೇಖ, ಫಾರ್ಮಂಟ್, ದೀರ್ಘವೃತ್ತ, ಪುನರುತ್ಪಾದನೆ, ಪ್ರಾಟ್, ಆರ್, ಮ್ಯಾಟ್‌ಪ್ಲಾಟ್‌ಲಿಬ್, ಕನ್ನಡ ಲಿಪಿ

1. ಪ್ರಸ್ತಾವನೆ

ಕೆಲವು ವರ್ಷಗಳ ಹಿಂದೆ ನಮ್ಮ ಗುಂಪು ಸಿದ್ಧಪಡಿಸಿದ ಒಂದು ಕರಡು ಲೇಖನದಲ್ಲಿ ಕನ್ನಡ ಸ್ವರಗಳ ಮೊದಲ ಎರಡು ಫಾರ್ಮಂಟುಗಳ ಸರಾಸರಿಯನ್ನು ಕೊಡುವ ಪಟ್ಟಿಯೊಂದಿತ್ತು. ಅದೇ ದತ್ತಾಂಶವನ್ನು ತೋರಿಸಬೇಕಾಗಿದ್ದ ಆಲೇಖವೊಂದೂ ಇತ್ತು. ಅದನ್ನು ಓದಿದ ಸಹೋದ್ಯೋಗಿಯೊಬ್ಬರು ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದು ಹಿಂದಿರುಗಿಸಿದರು: ಪಟ್ಟಿ ಸರಿಯೋ, ಚಿತ್ರ ಸರಿಯೋ? ಪಟ್ಟಿಯ ಪ್ರಕಾರ ಪುರುಷ ಭಾಷಿಕರ ಉಕಾರವು ಪಶ್ಚಸ್ವರಗಳ ಸಹಜ ಸ್ಥಾನದಲ್ಲೇ ಇತ್ತು. ಚಿತ್ರದಲ್ಲಿ ಮಾತ್ರ ಅದರ ದೀರ್ಘವೃತ್ತವು ಪೂರ್ವಸ್ವರಗಳ ಕಡೆಗೆ ಉದ್ದಕ್ಕೆ ಚಾಚಿಕೊಂಡಿತ್ತು.

ಕಾರಣವನ್ನು ಹುಡುಕಲು ನಮಗೆ ಎರಡು ದಿನ ಹಿಡಿಯಿತು. ಮೊದಲ ಸುತ್ತಿನ ಅಳತೆಯಲ್ಲಿ ಪ್ರಾಟ್ ತಂತ್ರಾಂಶದ ಫಾರ್ಮಂಟ್ ಮೇಲ್ಮಿತಿಯನ್ನು ಅದರ ಪೂರ್ವನಿಯೋಜಿತ ಬೆಲೆಯಾದ 5500 ಹರ್ಟ್ಜ್‌ನಲ್ಲೇ ಬಿಟ್ಟಿದ್ದೆವು. ವಯಸ್ಕ ಸ್ತ್ರೀಧ್ವನಿಗೆ ಅದು ಹೊಂದುತ್ತದೆ. ಪುರುಷಧ್ವನಿಗೆ 5000 ಹರ್ಟ್ಜ್ ಇಡಬೇಕೆಂದು ಪ್ರಾಟ್‌ನ ಕೈಪಿಡಿಯೇ ಸೂಚಿಸುತ್ತದೆ. ಮೇಲ್ಮಿತಿ ಹೆಚ್ಚಾದಾಗ ಉಕಾರದಂಥ ಸ್ವರದಲ್ಲಿ ಹತ್ತಿರ ಹತ್ತಿರವಿರುವ ಮೊದಲ ಎರಡು ಫಾರ್ಮಂಟುಗಳು ಒಂದಾಗಿ ಎಣಿಕೆಯಾಗಿ, ಎರಡನೆಯದರ ಜಾಗಕ್ಕೆ 2000 ಹರ್ಟ್ಜ್ ಸಮೀಪದ ಬೆಲೆಯೊಂದು ಬಂದು ಕೂರುವುದುಂಟು. ಈ ದೋಷವನ್ನು ನಾವು ಗಮನಿಸಿ ಅಳತೆಗಳನ್ನು ಮರಳಿ ತೆಗೆದಿದ್ದೆವು, ಪಟ್ಟಿಯನ್ನೂ ತಿದ್ದಿದ್ದೆವು. ಆದರೆ ಚಿತ್ರವು ತಿಂಗಳುಗಳ ಹಿಂದೆ ಪರದೆಯಿಂದ ಕತ್ತರಿಸಿ ಕಡತಕ್ಕೆ ಅಂಟಿಸಿದ್ದಾಗಿತ್ತು. ಅದು ಹಳೆಯ ಅಳತೆಗಳನ್ನೇ ಹೊತ್ತುಕೊಂಡು ಉಳಿದಿತ್ತು. ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಚರ್ಚೆಯ ಭಾಗದಲ್ಲಿ ‘ಪುರುಷ ಭಾಷಿಕರ ಉಕಾರ ಮುಂದಕ್ಕೆ ಸರಿಯುತ್ತಿರುವಂತೆ ತೋರುತ್ತದೆ’ ಎಂಬ ವಾಕ್ಯವೊಂದನ್ನು ಆ ಚಿತ್ರವನ್ನು ನೋಡಿಯೇ ನಾವು ಬರೆದಿದ್ದೆವು. ಇಲ್ಲದ ಧ್ವನಿಬದಲಾವಣೆಯೊಂದು ಅಚ್ಚಿಗೆ ಹೋಗುವುದರಲ್ಲಿತ್ತು.

ಈ ಅನುಭವದಿಂದ ನಾವು ಕಲಿತ ಪಾಠ ಚಿಕ್ಕದು: ಆಲೇಖವನ್ನು ರಚಿಸುವ ಕ್ರಮವಿಧಿಯೇ ಅದನ್ನು ಕಡತವಾಗಿ ಉಳಿಸಲೂಬೇಕು, ನಡುವೆ ಕೈಕೆಲಸ ಬರಬಾರದು. ಈ ಲೇಖನದಲ್ಲಿ ‘ಆಲೇಖ’ ಎಂದರೆ ದತ್ತಾಂಶದಿಂದ ಲೆಕ್ಕಹಾಕಿ ಬಿಡಿಸಿದ ಚಿತ್ರ. ‘ಕ್ರಮವಿಧಿ’ ಎಂದರೆ ಆ ಚಿತ್ರವನ್ನು ಬಿಡಿಸಲು ಬರೆದಿಟ್ಟ ಆದೇಶಗಳ ಸರಣಿ.

2. ಆಲೇಖದ ಚರಿತ್ರೆಯಿಂದ ಒಂದು ನಿದರ್ಶನ

ಮೊದಲ ಫಾರ್ಮಂಟನ್ನು ಲಂಬಾಕ್ಷದ ಮೇಲೂ ಎರಡನೆಯದನ್ನು ಅಡ್ಡಾಕ್ಷದ ಮೇಲೂ ಇರಿಸಿ, ಎರಡೂ ಅಕ್ಷಗಳನ್ನು ತಿರುಗುಮುರುಗಾಗಿಸಿದರೆ ದೊರೆಯುವ ಚಿತ್ರವು ನಾಲಗೆಯ ಸ್ಥಾನವನ್ನು ಆಧರಿಸಿದ ಸಾಂಪ್ರದಾಯಿಕ ಸ್ವರಚತುಷ್ಕೋನವನ್ನು ಹೋಲುತ್ತದೆ. ಮಾರ್ಟಿನ್ ಜೂಸ್ 1948ರಲ್ಲಿ ಪ್ರಕಟಿಸಿದ ಶ್ರವಣಾತ್ಮಕ ಧ್ವನಿವಿಜ್ಞಾನದ ಪ್ರಬಂಧದಿಂದ ಈ ವಿನ್ಯಾಸ ಪ್ರಚುರವಾಯಿತು. ನಾಲ್ಕು ವರ್ಷಗಳ ನಂತರ, 1952ರಲ್ಲಿ, ಗಾರ್ಡನ್ ಪೀಟರ್ಸನ್ ಮತ್ತು ಹೆರಾಲ್ಡ್ ಬಾರ್ನಿ ಅಮೆರಿಕನ್ ಇಂಗ್ಲಿಷಿನ ಹತ್ತು ಸ್ವರಗಳನ್ನು 76 ಭಾಷಿಕರಿಂದ ಎರಡೆರಡು ಬಾರಿ ಹೇಳಿಸಿ, ಒಟ್ಟು 1520 ಉಚ್ಚಾರಣೆಗಳ ಅಳತೆ ತೆಗೆದರು. ಅವರ ಆಲೇಖವನ್ನು ಕಾಣದ ಧ್ವನಿವಿಜ್ಞಾನದ ವಿದ್ಯಾರ್ಥಿ ವಿರಳ.

ಆ ಆಲೇಖದಲ್ಲಿ ಪ್ರತಿ ಸ್ವರದ ಬಿಂದುಗಳ ಸುತ್ತ ಒಂದೊಂದು ಬಳಸುಗೆರೆಯಿದೆ. ಆ ಗೆರೆಗಳು ಯಾವುದೇ ಸೂತ್ರದ ಫಲವಲ್ಲ. ಬಹುಪಾಲು ಬಿಂದುಗಳು ಒಳಗೆ ಬರುವಂತೆ, ತೀರ ದೂರದವನ್ನು ಬಿಟ್ಟು, ಲೇಖಕರು ತಮ್ಮ ವಿವೇಚನೆಯಿಂದ ಎಳೆದವು. ಅದನ್ನು ಅವರು ಪ್ರಾಮಾಣಿಕವಾಗಿ ಹೇಳಿಯೂ ಇದ್ದಾರೆ. ಮುಂದೆ 1995ರಲ್ಲಿ ಜೇಮ್ಸ್ ಹಿಲೆನ್‌ಬ್ರಾಂಡ್ ಮತ್ತು ಸಂಗಡಿಗರು 45 ಪುರುಷರು, 48 ಸ್ತ್ರೀಯರು ಹಾಗೂ 46 ಮಕ್ಕಳಿಂದ ಹೊಸದಾಗಿ ಧ್ವನಿಮುದ್ರಿಸಿ ಆ ಅಧ್ಯಯನವನ್ನು ಮತ್ತೆ ನಡೆಸಿದರು. ಮೂಲ ಧ್ವನಿಮುದ್ರಣಗಳು ಲಭ್ಯವಿಲ್ಲದಿದ್ದುದು ಅದಕ್ಕೆ ಒಂದು ಕಾರಣ. ಪೀಟರ್ಸನ್ ಮತ್ತು ಬಾರ್ನಿಯವರ ಅಳತೆಗಳ ಪಟ್ಟಿ ಮಾತ್ರ ಕೈಯಿಂದ ಕೈಗೆ ದಾಟಿ ಉಳಿದುಕೊಂಡಿತು. ಇಂದು ಆರ್ ಭಾಷೆಯ ಕೆಲವು ಸಂಪುಟಗಳಲ್ಲೂ ಅದು ಸಿಗುತ್ತದೆ.

ಪರಿಣಾಮವಾಗಿ ಆ ಪ್ರಸಿದ್ಧ ಚಿತ್ರದ ಬಿಂದುಗಳನ್ನು ಇಂದು ಯಾರು ಬೇಕಾದರೂ ಕೆಲವೇ ಸಾಲುಗಳ ಕ್ರಮವಿಧಿಯಿಂದ ಮತ್ತೆ ಮೂಡಿಸಬಹುದು; ಬಳಸುಗೆರೆಗಳನ್ನು ಮೂಡಿಸಲಾಗದು. ಲೆಕ್ಕದಿಂದ ಬಂದದ್ದು ಮರಳಿ ಬರುತ್ತದೆ, ಕೈಯಿಂದ ಬಂದದ್ದು ಆ ಕೈಯೊಡನೆ ಹೋಗುತ್ತದೆ. 1952ರಲ್ಲಿ ಬೇರೆ ದಾರಿ ಸುಲಭವಾಗಿರಲಿಲ್ಲ. ನಮಗೆ ಆ ನೆಪವಿಲ್ಲ.

3. ಮಾದರಿ: ಐದು ಜೋಡಿ ಪದಗಳು

ಕನ್ನಡದ ಐದು ಹ್ರಸ್ವ ಮತ್ತು ಐದು ದೀರ್ಘ ಸ್ವರಗಳಿಗೆ ಅನುಕೂಲವಾದ ಪದಗಳನ್ನು ಭಾಷೆಯೇ ಒದಗಿಸಿದೆ: ಅಡು–ಆಡು, ಬಿಡು–ಬೀಡು, ಸುಡು–ಸೂಡು, ಕೆಡು–ಕೇಡು, ಕೊಡು–ಕೋಡು. ಹತ್ತೂ ಪದಗಳಲ್ಲಿ ಸ್ವರದ ನಂತರದ ಪರಿಸರ ಒಂದೇ. ಪ್ರತಿ ಜೋಡಿಯೊಳಗೆ ಸ್ವರದ ಹಿಂದಿನ ಪರಿಸರವೂ ಒಂದೇ. ನಂತರ ಬರುವ ಮೂರ್ಧನ್ಯ ವ್ಯಂಜನವು ಸ್ವರದ ಕೊನೆಯ ಭಾಗದಲ್ಲಿ ಮೂರನೆಯ ಫಾರ್ಮಂಟನ್ನು ತಗ್ಗಿಸುವುದರಿಂದ ಅಳತೆಯನ್ನು ಸ್ವರದ ನಡುಬಿಂದುವಿನಲ್ಲಿ ತೆಗೆಯುವುದು ಒಳ್ಳೆಯದು.

ಅಳತೆಗಳನ್ನು ಉದ್ದ ಪಟ್ಟಿಯಾಗಿ, ಅಂದರೆ ಒಂದು ಉಚ್ಚಾರಣೆಗೆ ಒಂದು ಸಾಲಿನಂತೆ ಇಡಬೇಕು. ಭಾಷಿಕರ ಸಂಕೇತ, ಪದ, ಸ್ವರ, ಹ್ರಸ್ವವೋ ದೀರ್ಘವೋ ಎಂಬುದು, ಎಷ್ಟನೆಯ ಸಲ ಹೇಳಿದ್ದು, ಕಾಲಾವಧಿ, ಮೊದಲ ಮೂರು ಫಾರ್ಮಂಟುಗಳು, ಅಳತೆಗೆ ಬಳಸಿದ ಮೇಲ್ಮಿತಿ ಇವು ಅಂಕಣಗಳು. ಮೇಲ್ಮಿತಿಗೆ ಪ್ರತ್ಯೇಕ ಅಂಕಣವಿರಬೇಕೆಂಬುದು ನಮ್ಮ ಮೊದಲ ಸೂಚನೆ. ಅದು ಇದ್ದಿದ್ದರೆ ಮೇಲೆ ಹೇಳಿದ ಎರಡು ದಿನಗಳ ಹುಡುಕಾಟ ಎರಡು ನಿಮಿಷಗಳಲ್ಲಿ ಮುಗಿಯುತ್ತಿತ್ತು.

ಪಟ್ಟಿಯಲ್ಲಿ ಹರ್ಟ್ಜ್ ಬೆಲೆಗಳು ಮಾತ್ರ ಇರಬೇಕು. ಬಾರ್ಕ್ ಮಾನಕ್ಕೆ ಪರಿವರ್ತನೆ, ಲೊಬಾನೊವ್ 1971ರಲ್ಲಿ ಸೂಚಿಸಿದಂತೆ ಪ್ರತಿ ಭಾಷಿಕರ ಸರಾಸರಿ ಮತ್ತು ಮಾನಕ ವಿಚಲನೆಗಳಿಂದ ಸಮೀಕರಿಸುವುದು, ಸರಾಸರಿ ತೆಗೆಯುವುದು ಇವೆಲ್ಲ ಆಲೇಖದ ಕ್ರಮವಿಧಿಯೊಳಗೇ ನಡೆಯಬೇಕು. ಬೇರೆಡೆ ಲೆಕ್ಕಹಾಕಿದ ಸಂಖ್ಯೆಯನ್ನು ಕ್ರಮವಿಧಿಯಲ್ಲಿ ಕೈಯಾರೆ ಬರೆದ ಗಳಿಗೆಯಲ್ಲೇ ಪಟ್ಟಿ ಮತ್ತು ಚಿತ್ರಗಳ ಸಂಬಂಧ ಕಡಿಯುತ್ತದೆ. ಲೇಖನದ ಪಟ್ಟಿಯನ್ನೂ ಅದೇ ಕ್ರಮವಿಧಿ ಬರೆಯುವಂತೆ ಮಾಡಿದರೆ ಎರಡರ ನಡುವೆ ವಿರಸ ಹುಟ್ಟುವುದೇ ಇಲ್ಲ.

4. ದೀರ್ಘವೃತ್ತ ಏನನ್ನು ಹೇಳುತ್ತದೆ?

ಹಳಗನ್ನಡದಲ್ಲಿ ‘ಕಿಡು’, ‘ಕುಡು’ ಎಂಬ ರೂಪಗಳಿದ್ದುದು, ಹೊಸಗನ್ನಡದಲ್ಲಿ ಅವುಗಳ ಜಾಗದಲ್ಲಿ ‘ಕೆಡು’, ‘ಕೊಡು’ ಬಂದಿರುವುದು ಓದುಗರಿಗೆ ತಿಳಿದ ಸಂಗತಿ. ಮುಂದಿನ ಅಕ್ಷರದ ಸಂವೃತ ಸ್ವರವು ಹಿಂದಿನ ಎಕಾರ ಒಕಾರಗಳನ್ನು ಮೇಲಕ್ಕೆತ್ತುವ ಪ್ರವೃತ್ತಿ ಇದರ ಹಿನ್ನೆಲೆ. ಹಾಗಿದ್ದರೆ ಇಂದಿನ ಭಾಷಿಕರ ‘ಕೆಡು’ವಿನ ಎಕಾರವು ‘ಬಿಡು’ವಿನ ಇಕಾರಕ್ಕೆ ಎಷ್ಟು ಹತ್ತಿರವಿದೆ? ಪ್ರಶ್ನೆ ನ್ಯಾಯವಾದದ್ದು, ಮತ್ತು ಓದುಗರು ಉತ್ತರವನ್ನು ಆಲೇಖದ ಎರಡು ದೀರ್ಘವೃತ್ತಗಳು ಒಂದರ ಮೇಲೊಂದು ಬರುತ್ತವೆಯೇ ಎಂಬುದರಲ್ಲಿ ಹುಡುಕುತ್ತಾರೆ.

ಇಲ್ಲಿ ಎಚ್ಚರ ಬೇಕು. ಒಂದೇ ಅಕ್ಷದ ಮೇಲೆ ಸರಾಸರಿಯ ಎರಡೂ ಬದಿಗೆ ಒಂದು ಮಾನಕ ವಿಚಲನೆಯ ವ್ಯಾಪ್ತಿಯಲ್ಲಿ ಶೇಕಡ 68ರಷ್ಟು ಬಿಂದುಗಳು ಬರುತ್ತವೆ ಎಂಬ ತಿಳಿವಳಿಕೆ ಎರಡು ಅಕ್ಷಗಳಿಗೆ ಸಲ್ಲದು. ಪ್ರಸಾಮಾನ್ಯ ವಿತರಣೆಯಲ್ಲಿ ಒಂದು ಮಾನಕ ವಿಚಲನೆಯ ದೀರ್ಘವೃತ್ತದೊಳಗೆ ಬರುವುದು ಸುಮಾರು ಶೇಕಡ 39 ಮಾತ್ರ. ಎರಡು ವಿಚಲನೆಗಳದರಲ್ಲಿ ಸುಮಾರು 86. ಶೇಕಡ 95 ಬೇಕಿದ್ದರೆ ಸುಮಾರು 2.45 ವಿಚಲನೆಗಳಷ್ಟು ಹಿಗ್ಗಿಸಬೇಕು. ಆದ್ದರಿಂದ ಒಂದೇ ದತ್ತಾಂಶದಿಂದ, ಒಂದು ವಿಚಲನೆಯ ಚಿತ್ರದಲ್ಲಿ ಬೇರೆಬೇರೆಯಾಗಿ ಕಾಣುವ ಇಕಾರ ಎಕಾರಗಳು ಶೇಕಡ 95ರ ಚಿತ್ರದಲ್ಲಿ ಒಂದರೊಳಗೊಂದು ಹೊಕ್ಕಂತೆ ಕಾಣಬಹುದು. ಸರಾಸರಿಯ ವಿಶ್ವಾಸ ದೀರ್ಘವೃತ್ತವಂತೂ ಬೇರೆಯೇ ವಸ್ತು: ಅದು ಉಚ್ಚಾರಣೆಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಕುಗ್ಗುತ್ತದೆ. 25 ಉಚ್ಚಾರಣೆಗಳಿದ್ದರೆ ಅದರ ಅಗಲ ಹೆಚ್ಚುಕಡಿಮೆ ಐದನೆಯ ಒಂದು ಭಾಗಕ್ಕಿಳಿಯುತ್ತದೆ. ಅದನ್ನು ಬಿಡಿಸಿ ‘ಸ್ವರಗಳು ಸ್ಪಷ್ಟವಾಗಿ ಬೇರೆಯಾಗಿವೆ’ ಎಂದು ಬರೆಯುವುದು ಓದುಗರನ್ನು ದಾರಿತಪ್ಪಿಸಿದಂತೆ.

ಆರ್ ಭಾಷೆಯ ಜಿಜಿಪ್ಲಾಟ್2 ಸಂಪುಟದ ದೀರ್ಘವೃತ್ತದ ಆದೇಶಕ್ಕೆ ಏನನ್ನೂ ಹೇಳದಿದ್ದರೆ ಅದು ಪ್ರಸಾಮಾನ್ಯ ವಿತರಣೆಯನ್ನಲ್ಲ, ಬಹುಚರ ಟಿ ವಿತರಣೆಯನ್ನು ಆಧರಿಸಿ ಶೇಕಡ 95ರ ಮಟ್ಟದಲ್ಲಿ ಬಿಡಿಸುತ್ತದೆ. ಇದರಲ್ಲಿ ತಪ್ಪೇನಿಲ್ಲ, ಆದರೆ ಆಯ್ಕೆ ನಮ್ಮದಾಗಿರಬೇಕು, ಕ್ರಮವಿಧಿಯಲ್ಲಿ ಬರೆದಿರಬೇಕು, ಚಿತ್ರದ ಅಡಿಬರಹದಲ್ಲೂ ಬರಬೇಕು.

ಇನ್ನೊಂದು ಗುಪ್ತ ಅಪಾಯ ಅಕ್ಷದ ಮಿತಿಯಲ್ಲಿದೆ. ಅದೇ ಸಂಪುಟದಲ್ಲಿ ಮಾನದ ಮಿತಿಯನ್ನು ನಿಗದಿಪಡಿಸಿದರೆ ಅದರಾಚೆಗಿನ ಬಿಂದುಗಳು ಕಣ್ಮರೆಯಾಗುವುದಷ್ಟೇ ಅಲ್ಲ, ದೀರ್ಘವೃತ್ತದ ಲೆಕ್ಕದಿಂದಲೂ ಹೊರಬೀಳುತ್ತವೆ. ನಿರ್ದೇಶಾಂಕ ವ್ಯವಸ್ಥೆಯ ಮೂಲಕ ಮಿತಿ ಹಾಕಿದರೆ ಹಾಗಾಗದು. ಅಲ್ಲಿ ಬದಲಾಗುವುದು ನೋಟದ ಚೌಕಟ್ಟು ಮಾತ್ರ. ಚಿತ್ರ ಅಂದವಾಗಲೆಂದು ಮಿತಿಯನ್ನು ಬಿಗಿಗೊಳಿಸಿದ ಸಂಶೋಧಕರು ತಮಗರಿವಿಲ್ಲದೆಯೇ ಸ್ವರಗಳನ್ನು ಪರಸ್ಪರ ದೂರ ಸರಿಸಿರಬಹುದು. ಸಾಲುಗಳನ್ನು ಕೈಬಿಡಲಾಗಿದೆ ಎಂಬ ಎಚ್ಚರಿಕೆಯನ್ನು ತಂತ್ರಾಂಶ ಕೊಡುತ್ತದೆ. ಅದನ್ನು ಓದದೆ ಮುಂದೆ ಹೋಗಬಾರದು.

5. ಉಳಿಸುವ ಆದೇಶ: ಮೂರು ತಂತ್ರಾಂಶಗಳು

ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಪೌಲ್ ಬೋರ್ಸ್ಮಾ ಮತ್ತು ಡೇವಿಡ್ ವೇನಿಂಕ್ ರೂಪಿಸಿದ ಪ್ರಾಟ್‌ನಲ್ಲಿ ಚಿತ್ರಗಳು ಪ್ರತ್ಯೇಕ ಚಿತ್ರಕಿಂಡಿಯೊಂದರಲ್ಲಿ ಮೂಡುತ್ತವೆ. ಆ ಕಿಂಡಿ ಕಪ್ಪುಹಲಗೆಯಂತೆ: ಒರೆಸದಿದ್ದರೆ ಹಳೆಯ ಬರಹದ ಮೇಲೆ ಹೊಸದು ಬೀಳುತ್ತದೆ. ಆದ್ದರಿಂದ ಕ್ರಮವಿಧಿಯ ಚಿತ್ರಭಾಗದ ಮೊದಲ ಸಾಲು ‘ಎಲ್ಲವನ್ನೂ ಅಳಿಸು’ ಎಂಬ ಆದೇಶವಾಗಿರಬೇಕು. ಎರಡನೆಯ ಸಾಲು ಚಿತ್ರದ ಚೌಕಟ್ಟನ್ನು ಅಂಗುಲಗಳಲ್ಲಿ ಆಯಬೇಕು. ಉಳಿಸುವ ಮುನ್ನ ಪೂರ್ತಿ ಚೌಕಟ್ಟನ್ನು ಮತ್ತೊಮ್ಮೆ ಆಯುವುದು ಅಗತ್ಯ; ಏಕೆಂದರೆ ಪಿಎನ್‌ಜಿ ಕಡತಕ್ಕೆ ಹೋಗುವುದು ಆ ಕ್ಷಣದಲ್ಲಿ ಆಯ್ದಿರುವ ಭಾಗ ಮಾತ್ರ. ಒಂದೇ ಹಾಳೆಯಲ್ಲಿ ಎರಡು ಆಲೇಖಗಳನ್ನು ಬಿಡಿಸಿ, ಉಳಿಸಿದ ಕಡತದಲ್ಲಿ ಎರಡನೆಯದನ್ನಷ್ಟೇ ಕಂಡು ಬೆರಗಾದವರು ನಮ್ಮಲ್ಲಿ ಹಲವರಿದ್ದಾರೆ.

ಆರ್ ಭಾಷೆಯ ಮೂಲ ವಿಧಾನದಲ್ಲಿ ಮೂರು ಹೆಜ್ಜೆಗಳಿವೆ: ಕಡತವನ್ನು ತೆರೆಯುವುದು, ಚಿತ್ರ ಬಿಡಿಸುವುದು, ಕಡತವನ್ನು ಮುಚ್ಚುವುದು. ಮುಚ್ಚುವ ಡೆವ್-ಆಫ್ ಆದೇಶವನ್ನು ಮರೆತರೆ ಕಡತ ಅಪೂರ್ಣವಾಗಿ ಉಳಿಯುತ್ತದೆ. ಮುಂದಿನ ಚಿತ್ರವೂ ಅದಕ್ಕೇ ಹೋಗುತ್ತದೆ. ಜಿಜಿಪ್ಲಾಟ್2 ಬಳಸುವವರು ಜಿಜಿಸೇವ್ ಆದೇಶದಿಂದ ಮೂರನ್ನೂ ಒಂದರಲ್ಲೇ ಮುಗಿಸಬಹುದು. ಆದರೆ ಯಾವ ಚಿತ್ರವೆಂದು ಹೆಸರಿಸದಿದ್ದರೆ ಅದು ಕೊನೆಯದಾಗಿ ತೋರಿಸಿದ ಚಿತ್ರವನ್ನು ಉಳಿಸುತ್ತದೆ. ಅಳತೆ ಹೇಳದಿದ್ದರೆ ಆ ಹೊತ್ತಿಗೆ ಪರದೆಯ ಕಿಂಡಿ ಎಷ್ಟಗಲವಿತ್ತೋ ಅಷ್ಟನ್ನು ಎತ್ತಿಕೊಳ್ಳುತ್ತದೆ. ಕಿಂಡಿಯನ್ನು ಎಳೆದು ಹಿಗ್ಗಿಸಿದರೆ ಲೇಖನದ ಚಿತ್ರ ಬದಲಾಗುತ್ತದೆ ಎಂದಾಯಿತು. ಚಿತ್ರದ ಹೆಸರು, ಅಗಲ, ಎತ್ತರ, ಮಾನ ಈ ನಾಲ್ಕನ್ನೂ ಬರೆಯುವುದೇ ಪರಿಹಾರ. ಪ್ರತಿ ಭಾಷಿಕರಿಗೆ ಒಂದೊಂದು ಆಲೇಖ ಬೇಕೆಂದು ಆವರ್ತನದೊಳಗೆ ಚಿತ್ರವನ್ನು ರಚಿಸುವಾಗ ಮುದ್ರಿಸುವ ಆದೇಶವನ್ನು ಸ್ಪಷ್ಟವಾಗಿ ಕೊಡಬೇಕು. ಕೈಯಾರೆ ಒಂದೊಂದೇ ಸಾಲು ನಡೆಸಿದಾಗ ತಾನಾಗಿ ಮೂಡುವ ಚಿತ್ರ ಆವರ್ತನದೊಳಗೆ ತಾನಾಗಿ ಮೂಡುವುದಿಲ್ಲ.

ಪೈಥಾನ್ ಭಾಷೆಯ ಮ್ಯಾಟ್‌ಪ್ಲಾಟ್‌ಲಿಬ್ ಅನ್ನು ಆರಂಭಿಸಿದ ಜಾನ್ ಹಂಟರ್ ನರಜೀವವಿಜ್ಞಾನಿ. ಮಿದುಳಿನ ವಿದ್ಯುತ್ಸಂಕೇತಗಳ ಅಧ್ಯಯನ ಅವರ ಕ್ಷೇತ್ರ. ನಮ್ಮಂತೆಯೇ ಅವರೂ ಸಂಕೇತಗಳನ್ನು ಕಣ್ಣಿಂದ ನೋಡಬೇಕಾದವರು. ಇಲ್ಲಿ ಹೊಸಬರು ಸಾಮಾನ್ಯವಾಗಿ ಎಡವುವುದು ಕ್ರಮದಲ್ಲಿ: ತೋರಿಸುವ ಶೋ ಆದೇಶದ ನಂತರ ಉಳಿಸುವ ಸೇವ್‌ಫಿಗ್ ಬಂದರೆ, ಕಿಂಡಿ ಮುಚ್ಚಿದ ಕೂಡಲೇ ಚಿತ್ರವೂ ಮುಗಿದಿರುವುದರಿಂದ, ಕಡತದಲ್ಲಿ ಖಾಲಿ ಬಿಳಿ ಹಾಳೆ ಸಿಗುತ್ತದೆ. ಮೊದಲು ಉಳಿಸಬೇಕು, ಆಮೇಲೆ ತೋರಿಸಬೇಕು. ಪರದೆಯೇ ಇಲ್ಲದ ಗಣಕದಲ್ಲಿ ನಡೆಸುವಾಗ ಆಗ್ ಎಂಬ ಹಿನ್ನೆಲೆಯನ್ನು ಆಯ್ದುಕೊಂಡು ತೋರಿಸುವ ಹೆಜ್ಜೆಯನ್ನೇ ಬಿಡಬಹುದು. ಹಲವು ಭಾಷಿಕರ ಚಿತ್ರಗಳನ್ನು ಸಾಲಾಗಿ ಉಳಿಸುವಾಗ ಪ್ರತಿಯೊಂದನ್ನೂ ಮುಚ್ಚುತ್ತ ಹೋಗಬೇಕು. ಇಲ್ಲವಾದರೆ ಸ್ಮೃತಿ ತುಂಬುತ್ತದೆ, 20ಕ್ಕಿಂತ ಹೆಚ್ಚು ಚಿತ್ರಗಳು ತೆರೆದಿದ್ದರೆ ತಂತ್ರಾಂಶವೇ ಎಚ್ಚರಿಸುತ್ತದೆ. ಅಂಚಿನ ಖಾಲಿ ಜಾಗವನ್ನು ಬಿಗಿಯಾಗಿ ಕತ್ತರಿಸುವ ಆಯ್ಕೆ ಅನುಕೂಲಕರವಾದರೂ ನಾವು ಹೇಳಿದ ಅಗಲವನ್ನು ಅದು ಬದಲಿಸುತ್ತದೆ ಎಂಬುದು ನೆನಪಿರಲಿ.

6. ಕಡತದ ಬಗೆ ಮತ್ತು ಅಳತೆ

ಬಿಂದು, ಗೆರೆ, ಅಕ್ಷರಗಳಿಂದಾದ ಸ್ವರಾಲೇಖಕ್ಕೆ ಪಿಡಿಎಫ್, ಎಸ್‌ವಿಜಿ, ಇಪಿಎಸ್ ಮುಂತಾದ ಸದಿಶ ಬಗೆಗಳು ತಕ್ಕವು; ಎಷ್ಟು ಹಿಗ್ಗಿಸಿದರೂ ಗೆರೆ ಒಡೆಯುವುದಿಲ್ಲ. ವರ್ಣಪಟಲದಂಥ ಚಿತ್ರ ಸ್ವಭಾವತಃ ಚುಕ್ಕಿಗಳ ಜಾಲ. ಅದಕ್ಕೆ ಪಿಎನ್‌ಜಿ ಸರಿ. ಜೆಪೆಗ್ ಎರಡಕ್ಕೂ ಒಗ್ಗದು. ಅದು ಚಿತ್ರವನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ತುಂಡುಗಳಾಗಿ ಒಡೆದು ಮಾಹಿತಿಯನ್ನು ಕಳೆದುಕೊಂಡು ಅಡಕಗೊಳಿಸುತ್ತದೆ. ಚೂಪಾದ ಅಂಚುಗಳ ಸುತ್ತ ಮಸುಕು ಅಲೆಗಳು ಏಳುತ್ತವೆ. ಛಾಯಾಚಿತ್ರದಲ್ಲಿ ಇದು ಕಣ್ಣಿಗೆ ಬೀಳದು. ವರ್ಣಪಟಲದಲ್ಲಿ ಸ್ಪರ್ಶವ್ಯಂಜನದ ಸ್ಫೋಟದ ಪಕ್ಕ ಹೀಗೆದ್ದ ಅಲೆಯನ್ನು ವಿದ್ಯಾರ್ಥಿಯೊಬ್ಬರು ಧ್ವನಿಯ ಗುಣವೆಂದು ಓದಿದರೆ ದೋಷ ಅವರದಲ್ಲ.

ಅಳತೆಯನ್ನು ಅಚ್ಚಿನ ಅಗಲದಿಂದಲೇ ಆರಂಭಿಸಬೇಕು. 16 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಚಿತ್ರ ಅಂಗುಲಕ್ಕೆ 300 ಚುಕ್ಕಿಗಳಂತೆ ಮೂಡಬೇಕಾದರೆ ಸುಮಾರು 1890 ಮತ್ತು 1181 ಪಿಕ್ಸೆಲ್‌ಗಳು ಬೇಕು. ಪರದೆಯಿಂದ ಕತ್ತರಿಸಿದ ಚಿತ್ರಕ್ಕೆ ಇಷ್ಟು ಸಾಮಗ್ರಿ ಸಾಮಾನ್ಯವಾಗಿ ಇರುವುದಿಲ್ಲ. ಅದೇ ಚಿತ್ರವನ್ನು ಪತ್ರಿಕೆ 8 ಸೆಂ.ಮೀ. ಅಂಕಣಕ್ಕೆ ಕುಗ್ಗಿಸಿದರೆ 10 ಪಾಯಿಂಟಿನ ಅಕ್ಷರ 5 ಪಾಯಿಂಟಿಗೆ ಇಳಿಯುತ್ತದೆ. ಒತ್ತಕ್ಷರಗಳಿರುವ ಲಿಪಿಯಲ್ಲಿ ಅದು ಓದಲಾಗದ ಗಾತ್ರ. ಕ್ರಮವಿಧಿಯಲ್ಲಿ ಅಗಲವೊಂದು ಸಂಖ್ಯೆಯಾಗಿದ್ದರೆ ಅದನ್ನು 8ಕ್ಕೆ ಬದಲಿಸಿ ಮತ್ತೆ ನಡೆಸಿದರಾಯಿತು. ಅಕ್ಷರದ ಗಾತ್ರ ಹಾಗೆಯೇ ಉಳಿಯುತ್ತದೆ.

7. ಆಲೇಖದಲ್ಲಿ ಕನ್ನಡ ಲಿಪಿ

ಕನ್ನಡದಲ್ಲಿ ಬರೆಯುವ ಸಂಶೋಧಕರು ಆಲೇಖದ ಹೆಸರುಗಳನ್ನು ಮಾತ್ರ ರೋಮನ್ ಲಿಪಿಗೆ ಒಪ್ಪಿಸುವುದನ್ನು ಕಾಣುತ್ತೇವೆ. ಅದಕ್ಕೆ ಒಲವಿಗಿಂತ ತಾಂತ್ರಿಕ ಸೋಲೇ ಹೆಚ್ಚಿನ ಕಾರಣ. ಕನ್ನಡ ಅಕ್ಷರ ಮೂಡಲು ಎರಡು ಬೇರೆಬೇರೆ ಸಂಗತಿಗಳು ಬೇಕು. ಮೊದಲನೆಯದು ಕನ್ನಡದ ರೂಪಗಳುಳ್ಳ ಫಾಂಟ್. ಅದಿಲ್ಲದಿದ್ದರೆ ಖಾಲಿ ಚೌಕಗಳು ಬರುತ್ತವೆ. ಎರಡನೆಯದು ಸಂಕೇತಗಳ ಸಾಲನ್ನು ಒತ್ತಕ್ಷರ, ಅರ್ಕಾವೊತ್ತು, ಗುಣಿತಾಕ್ಷರಗಳಾಗಿ ಹೊಂದಿಸುವ ಜೋಡಣೆಯಂತ್ರ. ಅದಿಲ್ಲದಿದ್ದರೆ ಫಾಂಟ್ ಇದ್ದರೂ ‘ಹ್ರಸ್ವ’ ಎಂಬುದು ‘ಹ್‌ರಸ್‌ವ’ ಎಂದೂ ‘ದೀರ್ಘ’ ಎಂಬುದು ‘ದೀರ್‌ಘ’ ಎಂದೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ವಿಪರ್ಯಾಸವೆಂದರೆ ಸ್ವರಾಲೇಖಕ್ಕೆ ಅನಿವಾರ್ಯವಾದ ಹ್ರಸ್ವ, ದೀರ್ಘ, ಸ್ವರ, ಹರ್ಟ್ಜ್ ಎಂಬ ನಾಲ್ಕೂ ಪದಗಳಲ್ಲಿ ಸಂಯುಕ್ತಾಕ್ಷರವಿದೆ.

ಆರ್ ಭಾಷೆಯ ಮೂಲ ಪಿಡಿಎಫ್ ಸಾಧನವು ಏಕಬೈಟ್ ಸಂಕೇತಗಳ ಕಾಲದ್ದು. ಅದಕ್ಕೆ ಕನ್ನಡ ಕೊಟ್ಟರೆ ಅಕ್ಷರಗಳ ಬದಲು ಚುಕ್ಕಿಗಳು ಬರುತ್ತವೆ. ಜಿಜಿಸೇವ್ ಕೂಡ ಪಿಡಿಎಫ್‌ಗೆ ಅದನ್ನೇ ಕರೆಯುವುದರಿಂದ, ಕೈರೊ ಆಧಾರಿತ ಪಿಡಿಎಫ್ ಸಾಧನವನ್ನು ಹೆಸರಿಸಿ ಕೇಳಬೇಕು; ಲಿನಕ್ಸಿನಂತೆ ಪ್ಯಾಂಗೊ ಗ್ರಂಥಾಲಯದ ನೆರವಿರುವಲ್ಲಿ ಅದು ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಪಿಎನ್‌ಜಿಗೆ ರ್‍ಯಾಗ್ ಸಂಪುಟ ಉತ್ತಮ. ಅದರ ಹಿಂದೆ ಹಾರ್ಫ್‌ಬಜ್ ಜೋಡಣೆಯಂತ್ರವಿದೆ. ಮ್ಯಾಟ್‌ಪ್ಲಾಟ್‌ಲಿಬ್‌ನ ಪೂರ್ವನಿಯೋಜಿತ ಫಾಂಟಾದ ಡೇಜಾವೂ ಸ್ಯಾನ್ಸ್‌ನಲ್ಲಿ ಕನ್ನಡವಿಲ್ಲ. ನೋಟೊ ಸ್ಯಾನ್ಸ್ ಕನ್ನಡವನ್ನು ಹೆಸರಿಸಿದರೂ ಬಹುಕಾಲದಿಂದ ಬಳಕೆಯಲ್ಲಿರುವ ಆವೃತ್ತಿಗಳು ಅಕ್ಷರಗಳನ್ನು ಒಂದರ ಪಕ್ಕ ಒಂದಿಡುತ್ತವೆಯೇ ಹೊರತು ಜೋಡಿಸುವುದಿಲ್ಲ. ಅಂಥಲ್ಲಿ ಎಂಪಿಎಲ್‌ಕೈರೊ ಎಂಬ ಹಿನ್ನೆಲೆಯನ್ನು ರಾಕ್ಮ್ ಗ್ರಂಥಾಲಯದೊಡನೆ ಬಳಸುವುದು ಒಂದು ದಾರಿ. ಪಿಜಿಎಫ್ ಹಿನ್ನೆಲೆಯ ಮೂಲಕ ಅಕ್ಷರಗಳ ಕೆಲಸವನ್ನು ಜೀಲೇಟೆಕ್‌ಗೆ ಒಪ್ಪಿಸುವುದು ಇನ್ನೊಂದು.

ಎಸ್‌ವಿಜಿ ಕಡತದ ವಿಷಯದಲ್ಲಿ ಬೇರೆ ಎಚ್ಚರ ಬೇಕು. ಹಲವು ಸಾಧನಗಳು ಅದರಲ್ಲಿ ಅಕ್ಷರಗಳ ಆಕಾರವನ್ನಲ್ಲ, ಪಠ್ಯವನ್ನಷ್ಟೇ ಇರಿಸುತ್ತವೆ. ಆಕಾರ ಕೊಡುವುದು ಓದುಗರ ಗಣಕ. ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಹೆಸರುಗಳು ಜಾಗ ತಪ್ಪುತ್ತವೆ. ಹೀಗಾಗಿ ಯಾವುದೇ ಹೊಸ ವ್ಯವಸ್ಥೆಯಲ್ಲಿ ನಾವು ಮೊದಲು ಮಾಡುವ ಕೆಲಸ, ‘ಹ್ರಸ್ವ–ದೀರ್ಘ’ ಎಂಬ ಒಂದೇ ಹೆಸರಿರುವ ಖಾಲಿ ಆಲೇಖವನ್ನು ಉಳಿಸಿ, ಬೇರೊಂದು ಗಣಕದಲ್ಲಿ ತೆರೆದು ನೋಡುವುದು. ಪರದೆಯ ಕಿಂಡಿಯಲ್ಲಿ ಸರಿಯಾಗಿ ಕಂಡದ್ದು ಕಡತದಲ್ಲಿ ಸರಿಯಾಗಿರುತ್ತದೆ ಎಂಬ ಭರವಸೆಯಿಲ್ಲ, ಏಕೆಂದರೆ ತೋರಿಸುವ ಸಾಧನ ಬೇರೆ, ಉಳಿಸುವ ಸಾಧನ ಬೇರೆ.

8. ಮರಳಿ ಹುಟ್ಟುವ ಚಿತ್ರ

ಕಡತದ ಹೆಸರಿನಲ್ಲಿ ‘ಅಂತಿಮ’, ‘ಅಂತಿಮ ಹೊಸದು’ ಎಂಬ ಪದಗಳು ಕಾಣತೊಡಗಿದರೆ ಕ್ರಮ ತಪ್ಪಿದೆಯೆಂದೇ ಅರ್ಥ. ಚಿತ್ರದ ಹೆಸರು ಸ್ಥಿರವಾಗಿರಲಿ, ಕ್ರಮವಿಧಿ ಪ್ರತಿ ಸಲವೂ ಅದೇ ಹೆಸರಿನ ಮೇಲೆ ಬರೆಯಲಿ. ಹಳೆಯ ಆವೃತ್ತಿಗಳ ನೆನಪು ಆವೃತ್ತಿ ನಿಯಂತ್ರಣ ವ್ಯವಸ್ಥೆಗಿರಲಿ. ಚಿತ್ರಗಳ ಕೋಶವನ್ನು ಯಾವ ಗಳಿಗೆಯಲ್ಲಾದರೂ ಅಳಿಸಿಹಾಕುವ ಧೈರ್ಯ ನಮಗಿರಬೇಕು. ಒಂದು ಆದೇಶದಿಂದ ಎಲ್ಲವೂ ಮರಳಿ ಬಂದರೆ ವ್ಯವಸ್ಥೆ ಸರಿಯಿದೆ. ಧ್ವನಿಮುದ್ರಣ ಮತ್ತು ಅಳತೆಗಳ ಕೋಶವನ್ನು ಮಾತ್ರ ಕ್ರಮವಿಧಿ ಓದಬೇಕು, ಎಂದಿಗೂ ಬರೆಯಬಾರದು.

ಒಂದರ ಮೇಲೊಂದು ಬಿದ್ದ ಬಿಂದುಗಳನ್ನು ಬಿಡಿಸಿ ತೋರಿಸಲು ಅವುಗಳನ್ನು ಯಾದೃಚ್ಛಿಕವಾಗಿ ಚೂರು ಸರಿಸುವ ರೂಢಿಯಿದೆ. ಕಾಲಾವಧಿಯ ಆಲೇಖದಲ್ಲಿ, ಹ್ರಸ್ವ ಮತ್ತು ದೀರ್ಘ ಎಂಬ ಎರಡೇ ವರ್ಗಗಳಿರುವ ಅಕ್ಷದ ಮೇಲೆ ಹಾಗೆ ಸರಿಸಿದರೆ ಬಾಧೆಯಿಲ್ಲ. ಬೀಜಸಂಖ್ಯೆಯನ್ನು ನಿಗದಿಪಡಿಸಿದರೆ ಪ್ರತಿ ಸಲವೂ ಅದೇ ಚಿತ್ರ ಬರುತ್ತದೆ. ಫಾರ್ಮಂಟ್ ಆಲೇಖದಲ್ಲಿ ಸರಿಸಲೇಬಾರದು, ಅಲ್ಲಿ ಸ್ಥಾನವೇ ಅಳತೆ. ಇನ್ನೊಂದು ಸಣ್ಣ ವಿಷಯ: ಪಿಡಿಎಫ್ ಕಡತದೊಳಗೆ ರಚನೆಯ ಸಮಯ ದಾಖಲಾಗುವುದರಿಂದ ಒಂದೇ ಕ್ರಮವಿಧಿಯ ಎರಡು ಫಲಗಳು ಬೈಟಿಗೆ ಬೈಟು ಹೊಂದದೆ ಇರಬಹುದು. ಅದನ್ನು ಕಂಡು ದತ್ತಾಂಶ ಬದಲಾಯಿತೆಂದು ಗಾಬರಿಯಾಗಬೇಕಿಲ್ಲ.

ಕೊನೆಯದಾಗಿ, ಬಳಸಿದ ತಂತ್ರಾಂಶ ಮತ್ತು ಸಂಪುಟಗಳ ಆವೃತ್ತಿಗಳನ್ನು ಕ್ರಮವಿಧಿಯೇ ಪಠ್ಯಕಡತವೊಂದರಲ್ಲಿ ಚಿತ್ರದ ಪಕ್ಕ ಬರೆದಿಡಲಿ. ಪೂರ್ವನಿಯೋಜಿತ ಬೆಲೆಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದುಂಟು; ಹತ್ತು ವರ್ಷಗಳ ನಂತರ ಚಿತ್ರ ಬೇರೆಯಾಗಿ ಬಂದರೆ ಕಾರಣವನ್ನು ಹುಡುಕಲು ಆ ಒಂದು ಪುಟವೇ ಆಧಾರ.

9. ಉಪಸಂಹಾರ

ಮೇಲೆ ಹೇಳಿದ ಯಾವ ಹೆಜ್ಜೆಯೂ ಕಠಿಣವಲ್ಲ. ಮೊದಲ ಆಲೇಖಕ್ಕೆ ಕೈಕೆಲಸಕ್ಕಿಂತ ಕ್ರಮವಿಧಿ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ ಎಂಬುದು ನಿಜ. ಅಳತೆಯ ಒಂದು ಸಾಲನ್ನು ತಿದ್ದಬೇಕಾಗಿ ಬಂದ ಮೊದಲ ದಿನವೇ ಆ ಸಮಯ ಮರಳಿ ದೊರೆಯುತ್ತದೆ. ಡಾಕ್ಟರೇಟ್ ಪದವಿಗೆ ಕೆಲಸ ಮಾಡುವವರ ವಿಷಯದಲ್ಲಿ ಇದು ಇನ್ನಷ್ಟು ಸತ್ಯ. ಮಹಾಪ್ರಬಂಧದ ಜೀವಿತಾವಧಿಯಲ್ಲಿ ಭಾಷಿಕರೊಬ್ಬರು ಸೇರುತ್ತಾರೆ, ಇನ್ನೊಬ್ಬರ ಧ್ವನಿಮುದ್ರಣ ಕೈಬಿಡಬೇಕಾಗುತ್ತದೆ, ಸ್ವರದ ಗಡಿಯನ್ನು ಗುರುತಿಸುವ ನಿಯಮ ಬದಲಾಗುತ್ತದೆ. ಪ್ರತಿ ಬದಲಾವಣೆಯೂ ಪ್ರತಿ ಚಿತ್ರವನ್ನು ಮುಟ್ಟಬೇಕು.

ನಮ್ಮ ಕರಡಿಗೆ ಮರಳುವುದಾದರೆ, ಉಕಾರ ಮುಂದಕ್ಕೆ ಸರಿಯುತ್ತಿದೆಯೆಂಬ ವಾಕ್ಯವನ್ನು ನಾವು ತೆಗೆದುಹಾಕಿದೆವು. ಅದರ ಜಾಗದಲ್ಲಿ ಹೇಳಲು ಹೊಸದೇನೂ ಇರಲಿಲ್ಲ, ಉಕಾರ ಇದ್ದಲ್ಲೇ ಇತ್ತು. ಅಂದಿನಿಂದ ನಮ್ಮ ಪಟ್ಟಿಗಳೂ ಚಿತ್ರಗಳೂ ಒಂದೇ ಕ್ರಮವಿಧಿಯಿಂದ ಹೊರಡುತ್ತವೆ. ಅವು ತಪ್ಪಾಗಿರಬಹುದು, ತಪ್ಪಾದರೆ ಎರಡೂ ಒಟ್ಟಿಗೆ ತಪ್ಪಾಗುತ್ತವೆ, ತಿದ್ದಿದರೆ ಎರಡೂ ಒಟ್ಟಿಗೆ ತಿದ್ದಿಕೊಳ್ಳುತ್ತವೆ. ಪಟ್ಟಿ ಸರಿಯೋ ಚಿತ್ರ ಸರಿಯೋ ಎಂದು ಯಾರೂ ಮತ್ತೆ ಕೇಳಬೇಕಾಗಿ ಬಂದಿಲ್ಲ.